ತಾಮ್ರದ ತಂತಿ

“ಇದು ಗಾಡಿ ಅಲ್ರೀ, ಗುಜರಿ. ತೂಕಕ್ಕ ಹಾಕಿಬಿಡ್ರಿ,” ಎಂದು ನಕ್ಕ ಮೌನಪ್ಪ.

ಸುರಪುರದ ಅವನ ಗ್ಯಾರೇಜಿನ ಮುಂದೆ ಟಂಟಂ ಆಟೊದಿಂದ ಇಳಿಸಿದ ಬೈಕು ಗೋಡೆಗೆ ಒರಗಿತ್ತು. ಎರಡೂವರೆ ವರ್ಷ ಠಾಣೆಯ ಅಂಗಳದಲ್ಲಿ ಮಳೆ, ಬಿಸಿಲು ಉಂಡ ಗಾಡಿ. ಟ್ಯಾಂಕೆಲ್ಲ ತುಕ್ಕು. ಚೈನು ಬಿಗಿದು ಕೋಲಿನಂತಾಗಿತ್ತು. ಎಂಜಿನ್ನಿನ ಕೆಳಗೆ ಗ್ರೀಸು, ಮಣ್ಣು ಕೂಡಿ ಕರ್ರಗೆ ಹೆಪ್ಪುಗಟ್ಟಿತ್ತು.

ತಂದವಳು ನಗಲಿಲ್ಲ. “ನಮ್ಮ ತಮ್ಮಂದು. ಇದರ ಮ್ಯಾಲೇ ಸತ್ತಾನ.”

ಮೌನಪ್ಪ ಕೈಲಿದ್ದ ಪಾನಾ ಕೆಳಗಿಟ್ಟ. “ತಪ್ಪಾತ್ರಿ.”

“ಮುಂದಿನ ಚಕ್ರ ಹೊಸಾದು ಹಾಕ್ರಿ. ಉಳಿದಿದ್ದೆಲ್ಲಾ ತೊಳದು ಕೊಡ್ರಿ. ಕಕ್ಕೇರಾದಿಂದ ಕೊಡೇಕಲ್ ಸಾಲಿಗೆ ನಾ ಇದರ ಮ್ಯಾಲೇ ಹೋಗಾಕಿ.”

“ಗೇರಿನ ಗಾಡಿ ನೀವು ಹೊಡೀತೀರಿ?”

“ಯಾಕ, ಗಂಡಸು ಯಾರು, ಹೆಂಗಸು ಯಾರು ಅಂತ ಗೇರಿಗೆ ಗೊತ್ತಾಗ್ತದೇನು?”

ಹೆಸರು ರೇವತಿ, ಗೆಸ್ಟ್ ಟೀಚರು ಎಂದು ಆಮೇಲೆ ತಿಳಿಯಿತು.

ಪ್ರತಿ ಭಾನುವಾರ ಬಂದಳು. ಬಂದು ಸುಮ್ಮನೆ ಕೂಡುವವಳಲ್ಲ. ಆಯಿಲ್ ಡಬ್ಬಿ ಬೋರಲು ಹಾಕಿ ಕೂತು, ತಾನೂ ತಂತಿ ಬ್ರಶ್ ಹಿಡಿದಳು.

“ಮೊದಲು ಜಿಡ್ಡು ತೆಗೀಬೇಕ್ರಿ. ಜಿಡ್ಡಿನ ಮ್ಯಾಲೇ ಉಜ್ಜಿದ್ರ ತುಕ್ಕಿಗೆ ಹತ್ತೂದೇ ಇಲ್ಲ,” ಎಂದು ಅವನು ಒಂದೊಂದೇ ಸಾಮಾನು ಡೀಸೆಲ್ಲಿನ ಬೋಗುಣಿಗೆ ಇಳಿಸುತ್ತಿದ್ದ.

“ಚೈನ್ ಹುಣಸಿ ಹುಳಿಯೊಳಗ ನೆನಿ ಹಾಕ್ರಿ. ಹಿತ್ತಾಳಿ ಸಾಮಾನು ನಾವು ಹಂಗೇ ಬೆಳಗತೀವಿ.”

“ಟೀಚರ್, ಇದು ಚೈನ್. ಸಾರಲ್ಲ.”

ಆದರೂ ನೆನೆ ಹಾಕಿದ. ಮುಂದಿನ ಭಾನುವಾರ ಎತ್ತಿ ನೋಡಿದರೆ ತುಕ್ಕು ಕೆಸರಿನಂತೆ ಜಾರುತ್ತಿತ್ತು. ರೇವತಿ ತಲೆ ಎತ್ತದೆ ಕೇಳಿದಳು, “ಸಾರು ಚಲೋ ಆಗ್ಯಾದೇನ್ರಿ ಮಿಸ್ತ್ರಿ?”

ಆಕೆಯ ಕೆನ್ನೆಗೆ ಗ್ರೀಸು ಹತ್ತಿತ್ತು. ಅವನು ತನ್ನ ಕೆನ್ನೆ ಮುಟ್ಟಿ ತೋರಿಸಿದ. ಆಕೆ ಇನ್ನೊಂದು ಕೆನ್ನೆ ಒರೆಸಿಕೊಂಡಳು. ಮತ್ತೆ ತೋರಿಸಿದ, ಮತ್ತೆ ತಪ್ಪಿತು. ಕೊನೆಗೆ ಅವನೇ ಅಂಗಿಯ ತೋಳಿನ ಸ್ವಚ್ಛ ಜಾಗ ಹುಡುಕಿ ಮೆಲ್ಲಗೆ ಒರೆಸಿದ. ಆಮೇಲೆ ಇಬ್ಬರೂ ಒಂದೇ ಚೈನನ್ನು ಎರಡು ತುದಿಯಿಂದ ಉಜ್ಜಿದರು.

ಮೂರನೇ ಭಾನುವಾರ ಆಕೆ ಹೇಳಿದಳು.

“ತಮ್ಮ ಭೀಮಾಶಂಕರ ಬೇಕಂತನೇ ಸತ್ತಾನಂತ ಊರಾಗ ಮಾತಾಡ್ತಾರ. ನಿಂತ ಲಾರಿಗೆ ಸೀದಾ ಹೋಗಿ ಗುದ್ಯಾನ. ರೋಡಿನ ಮ್ಯಾಲ ಬ್ರೇಕ್ ಹಾಕಿದ ಗುರುತೇ ಇರಲಿಲ್ಲಂತ. ಕಾಲೇಜು ಬಿಟ್ಟಾನಂತ ಅವತ್ತು ಮುಂಜಾನಿ ಅವ್ವ ‘ನಿನ್ನ ಮಾರಿ ತೋರಿಸಬ್ಯಾಡ’ ಅಂದಿದ್ಳು. ಅಂದಿನಿಂದ ಅವ್ವ ಅತ್ತೇ ಇಲ್ಲ. ನಾನೇ ಕೊಂದೆ ಅಂತಾಳ, ಸುಮ್ಮನಾಗ್ತಾಳ.”

ಮುಂದಿನ ವಾರ ಆಕೆಯನ್ನು ಮದುವೆಗೆ ಕೇಳಿಯೇ ಬಿಡಬೇಕು ಎಂದುಕೊಂಡ ಮೌನಪ್ಪ. ಕೇಳುವ ಮಾತನ್ನು ಮನಸ್ಸಿನಲ್ಲೇ ನಾಲ್ಕು ಸಲ ತಿದ್ದಿದ.

ಬುಧವಾರ ಹಿಂದಿನ ಬ್ರೇಕಿನ ಪೆಡಲ್ ತೊಳೆಯಲು ತೆಗೆದ. ಬೆರಳು ದಪ್ಪ ಗ್ರೀಸು, ಹೆರೆದರೆ ಚಕ್ಕೆ ಚಕ್ಕೆಯಾಗಿ ಬಿತ್ತು. ಪೆಡಲಿಗೆ ಬ್ರೇಕಿನ ರಾಡು ಸೇರುವ ತೂತಿನಲ್ಲಿ ಪಿನ್ನು ಇರಬೇಕಿತ್ತು. ಇರಲಿಲ್ಲ. ಹಸಿರುಗಟ್ಟಿದ ತಾಮ್ರದ ತಂತಿಯ ತುಂಡು ಇತ್ತು. ಮೂರು ಸುತ್ತು. ಒಂದು ತುದಿ ಒಳಕ್ಕೆ ಮಡಚಿತ್ತು, ಪ್ಯಾಂಟಿಗೆ ಸಿಗದಂತೆ. ಇನ್ನೊಂದು ತುದಿ ಹರಿದಿತ್ತು.

ಆ ಗಂಟು ಅವನದೇ.

ಎರಡೂವರೆ ವರ್ಷದ ಹಿಂದೆ ಒಂದು ಸಂಜೆ ಅಂಗಡಿ ಮುಚ್ಚುವಾಗ ಬಂದಿದ್ದ ಹುಡುಗ ನೆನಪಾದ. ಮುಂದಿನ ಬ್ರೇಕ್ ಇರಲೇ ಇಲ್ಲ, ಹಿಂದಿನದರ ಪಿನ್ನು ಬಿದ್ದುಹೋಗಿತ್ತು. ಅಂಗಡಿಯಲ್ಲಿ ಪಿನ್ನು ಇರಲಿಲ್ಲ. ಸುಟ್ಟುಹೋದ ಕಾಯಿಲ್‌ನಿಂದ ಬಿಚ್ಚಿದ ತಾಮ್ರದ ತಂತಿ ಬಿಗಿದು, ‘ಸಾವಕಾಶ ಹೋಗು, ನಾಳಿ ಬಾ’ ಎಂದಿದ್ದ. ಹುಡುಗ ಬರಲಿಲ್ಲ. ಇವನೂ ಮರೆತಿದ್ದ.

ಸಣ್ಣ ತುಂಡು. ಗಟಾರಕ್ಕೆ ಎಸೆದರೆ ಮುಗಿಯಿತು. ಮೂರು ದಿನ ಅದನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದ.

ಭಾನುವಾರ ರೇವತಿ ಬಂದು ಬ್ರಶ್ ಎತ್ತಿಕೊಳ್ಳುವ ಮೊದಲೇ ಅಂಗೈ ಚಾಚಿದ. “ಇದು ನಾ ಕಟ್ಟಿದ್ದು ರೇವತಿ. ನಿಮ್ಮ ತಮ್ಮ ಬೇಕಂತ ಸತ್ತಿಲ್ಲ.”

ಎಲ್ಲವನ್ನೂ ಹೇಳಿದ. ಆಕೆ ತಂತಿ ನೋಡಿದಳು, ಅವನ ಮುಖ ನೋಡಿದಳು. ಆಕೆಯ ತುಟಿ ಬಿಳಿಚಿತ್ತು.

“ಈ ಮಾತು ನಮ್ಮವ್ವನ ಮುಂದ ಹೇಳ್ತೀರಿ?”

“ಹೇಳ್ತೀನಿ.”

“ಹಂಗಾರ ಏಳ್ರಿ. ಈಗೇ.”

ಕಕ್ಕೇರಾದ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಹೋದರು.

ತಾಯಿ ಮಲ್ಲಿಕಮ್ಮ ನಡುಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೌನಪ್ಪ ನೆಲದ ಮೇಲೆ ಕೂತು ಹೇಳಿದ. ಮೊರದ ಮೇಲಿನ ಕೈ ನಿಂತಿತು.

“ಅವ ಬ್ರೇಕ್ ಒತ್ತಿದ್ನೇನು?”

“ಒತ್ಯಾನವ್ವಾ. ಜೋರಾಗಿ ಒತ್ತಿದ್ದಕ್ಕೇ ಹರದದ. ನೋಡ್ರಿ, ಜಗ್ಗಿ ಜಗ್ಗಿ ಹರದ ತುದಿ ಸೂಜಿಯಂಗ ಆಗ್ಯಾದ.”

“ಅಂದ್ರ ನನ್ನ ಕೂಸು ಮನಿಗೆ ಬರಬೇಕಂತಿತ್ತು.”

“ಹೌದವ್ವಾ.”

ಆಗ ಅತ್ತಳು. ಎರಡೂವರೆ ವರ್ಷದ್ದು ಒಮ್ಮೆಲೇ. ನೆಲ ಬಡಿದು, ಮಗನ ಹೆಸರು ಕೂಗಿ, ಓಣಿಯ ಮಂದಿ ಬಾಗಿಲಿಗೆ ಬಂದು ನಿಲ್ಲುವ ಹಾಗೆ. ರೇವತಿ ತಾಯಿಯನ್ನು ತಬ್ಬಿಕೊಂಡು ಕೂತಳು.

ಅಳು ಇಳಿದ ಮೇಲೆ ಮಲ್ಲಿಕಮ್ಮ ಅವನತ್ತ ನೋಡಿದಳು. “ನಿನಗ ಏನಂತ ಬೈಲಿ ನಾ? ಹೋಗಪ್ಪ. ಮತ್ತ ಈ ಮನಿಗೆ ಬರಬ್ಯಾಡ.”

ರೇವತಿ ಬಸ್ ಸ್ಟ್ಯಾಂಡಿನವರೆಗೆ ಜೊತೆ ಬಂದಳು. ಬೇವಿನ ಗಿಡದ ಕೆಳಗೆ ನಿಂತರು.

“ನೀವು ಇವತ್ತು ನನಗ ಬ್ಯಾರೆ ಏನೋ ಕೇಳಾವರಿದ್ರಿ,” ಎಂದಳು.

“ಹೌದು.”

“ನಾ ಹೂಂ ಅಂತಿದ್ದೆ.”

ಅವನು ಬಸ್ಸು ಬರುವ ದಾರಿಯತ್ತ ತಿರುಗಿದ. “ಗಾಡಿ ಬ್ಯಾರೆ ಕಡೆ ಹಾಕ್ರಿ. ಹೇಳಿ ಕಳಸ್ತೀನಿ, ಶಹಾಪುರದಾಗ ಚಲೋ ಮಿಸ್ತ್ರಿ ಅದಾನ.”

“ಬ್ಯಾಡ. ನೀವೇ ಮುಗಸ್ರಿ. ಬ್ರೇಕೂ ನೀವೇ ಹಾಕ್ರಿ.” ಆಕೆಯ ಕಣ್ಣು ಕದಲಲಿಲ್ಲ. “ಇನ್ನ ನಿಮ್ಮಷ್ಟು ಅಂಜಿ ಹಾಕಾವ್ರು ಯಾರೂ ಸಿಗಂಗಿಲ್ಲ.”

ಬಸ್ಸು ಬಂತು. ನಿಂತಿದ್ದವರೆಲ್ಲ ನೋಡುತ್ತಿದ್ದರೂ ರೇವತಿ ಅವನ ಕೈ ಹಿಡಿದಳು. ಕಂಡಕ್ಟರ್ ಎರಡನೇ ಸಲ ಸೀಟಿ ಊದಿದ ಮೇಲೆ ಬಿಟ್ಟಳು.