ಕೆಳಗಿನ ನಳದ ವಿಭೂತಿ

ಭತ್ತ ಕುದಿಯುವ ವಾಸನೆ ಬರಬೇಕಾದ ಹೊತ್ತು. ಆದರೆ ಅಕ್ಕಿಆಲೂರಿನ ಆ ಮಿಲ್ಲಿನ ತುಂಬ ಸುಟ್ಟ ಬಟ್ಟೆಯ ನಾತ. ಬಾಯ್ಲರ್ ಕೋಣೆಯ ಹೊರಗೆ, ಚಾದರದ ಕೆಳಗೆ ಫಕ್ಕೀರಪ್ಪನ ಹೆಣ. ಒಲೆಗೆ ಹೊಟ್ಟು ಹಾಕುತ್ತಿದ್ದವನು. ಬಾಯ್ಲರ್ ಒಡೆದು ಒಲೆಯ ಬಾಯಿಂದ ನುಗ್ಗಿದ ಉಗಿ ಅವನನ್ನು ನಿಂತಲ್ಲೇ ಕೆಡವಿತ್ತು. ಹೆಂಡತಿ ಅನ್ನವ್ವನಿಗೆ ಅಳಲಿಕ್ಕೂ ದನಿ ಉಳಿದಿರಲಿಲ್ಲ, ಪಾಪ.

೧೯೬೩ರ ಒಂದು ಅಮಾವಾಸ್ಯೆ ಅದು. ಹಾನಗಲ್ಲಿನಿಂದ ಪೋಲೀಸ್ ಫೌಜದಾರ ಕುತುಬುದ್ದೀನ ಫಟಫಟಿ ಹೊಡೆದುಕೊಂಡು ಬಂದ. ಇಳಿಯುವ ಮೊದಲೇ ಮಿಲ್ಲಿನ ಕಾರಭಾರ ನೋಡುವ ದಿವಾನಜಿ ಗುದ್ಲೆಪ್ಪ ಎದುರಾದ.

“ಕೊಲೆಗಾರನ್ನ ಹಿಡದು ಕುಂದರ್ಸೇನ್ರಿ ಸಾಹೇಬ್ರ. ಕೋಣಿಯಿಂದ ಎಲ್ಲಾರ್ನೂ ಹೊರಗ ಹಾಕಿ ನಾನಽ ಕೀಲಿ ಜಡದೇನಿ. ಆಮ್ಯಾಲ ಒಂದು ನೊಣ ಸೈತ ಒಳಗ ಹೋಗಿಲ್ಲ.”

ಕಟ್ಟೆಯ ಮೇಲೆ ಇಪ್ಪತ್ತರ ತರುಣನೊಬ್ಬ ಕೂತಿದ್ದ. ಚಿಕ್ಕೇರೂರಿನ ಉಳಿವೆಪ್ಪ. ಶಿಗ್ಗಾಂವದಲ್ಲಿ ಕಾರ್ಖಾನೆ ನಡೆಸುವುದನ್ನು ಕಲಿಸುವ ಎರಡು ವರ್ಷದ ಕೋರ್ಸು. ಕೊನೆಯ ಪರೀಕ್ಷೆ ಮುಂದಿನ ತಿಂಗಳು. ಪ್ರಾಕ್ಟಿಕಲ್‌ಗೆ ಅಂತ ಈ ಮಿಲ್ಲಿಗೆ ಕಳಿಸಿದ್ದರು. ಬಾಯ್ಲರ್ ನಡೆಸುವ ಕೆಲಸ ಅವನದು.

“ಒಳಗ ನೀರು ಆರಿ ಬಾಯ್ಲರ್ ಒಡದೈತಿ. ಅದು ಹೆಂಗ ಕಾಣಲಿಲ್ಲ ತಮ್ಮಾ?” ಕುತುಬುದ್ದೀನ ಕೇಳಿದ.

“ಬಾಯ್ಲರಿನ ನೀರು ಎಷ್ಟೈತಿ ಅಂತ ತೋರಿಸೋ ಗಾಜಿನ ನಳಗಿ ಅರ್ಧ ನೀರು ತೋರಿಸ್ತಿತ್ರಿ. ಕಡೀತನಕ ಅರ್ಧಽ ಇತ್ತು. ಅದಕ ಪಂಪು ಬಿಟ್ಟು ನೀರು ತುಂಬಲಿಲ್ಲ.”

“ಗಾಜು ಸುಳ್ಳು ಹೇಳಿದ್ರ?”

“ಉರಿ ಹಚ್ಚೂಕಿಂತ ಮೊದಲ ಅದನ್ನ ನೋಡೂದು ರೀ. ಗಾಜಿಗೆ ಮ್ಯಾಲೊಂದು ನಳ, ಬಾಯ್ಲರ್ ನೀರು ಬರೂ ಕೆಳಗೊಂದು ನಳ, ತಳದಾಗ ಬಸಿಯೋ ನಳ. ಬಸಿಯೋದನ್ನ ತೆರದು ಗಾಜು ಖಾಲಿ ಮಾಡಿ ಮುಚ್ಚಬೇಕು. ನೀರು ತಿರುಗಿ ಏರಿದ್ರ ಗಾಜು ಖರೇ.”

“ಇವತ್ತ ನೋಡಿದ್ಯಾ?”

ಉಳಿವೆಪ್ಪ ತಡವರಿಸಿದ. “ನೋಡೇನ್ರಿ.”

“ನೋಡದಿದ್ರ ಸಾಲ್ಯಾಗ ಏನ್ ಮಾಡ್ತಾರ?”

“ಸಾಲಿಯಿಂದ ಹೆಸರು ಹೊಡದು ಹೊರಗ ಹಾಕ್ತಾರ್ರಿ. ನಮ್ಮ ಮನಿತನದಾಗ ಸಾಲಿ ಕಟ್ಟಿ ಹತ್ತಿದಂವ ನಾ ಒಬ್ಬನಽ.”

ಕುತುಬುದ್ದೀನ ಕೋಣೆಯೊಳಗೆ ಹೊಕ್ಕು ನೋಡಿದ. ಒಲೆಯ ಕಡೆ ಎಲ್ಲ ಛಿದ್ರ. ಗಾಜಿನ ಕಡೆ ಮಾತ್ರ ಏನೂ ಆಗಿರಲಿಲ್ಲ. ಕೆಳಗಿನ ನಳ ತೆರೆದೇ ಇತ್ತು. ಅಂದರೆ ಗಾಜು ಸುಳ್ಳು ಹೇಳಿರಲಿಲ್ಲ. ತಪ್ಪೆಲ್ಲ ಹುಡುಗನದೇ. ಅಷ್ಟು ಸಲೀಸಾಗಿ ಸಿಕ್ಕ ಉತ್ತರ ಅವನಿಗೆ ಯಾಕೋ ಗಂಟಲಲ್ಲಿ ಇಳಿಯಲಿಲ್ಲ. ಕೋಣೆಗೆ ತನ್ನದೇ ಕೀಲಿ ಜಡಿದು, ಹೆಣವನ್ನು ಹಾನಗಲ್ಲಿಗೆ ಸಾಗಿಸಿದ.

*

ಮರುದಿನ ಇನ್ನೊಂದು ಸುದ್ದಿ ಬಂತು. ಹಳೆ ಬಾಯ್ಲರ್‌ಮನ್ ಖಾದರಸಾಬನನ್ನು ಹೋದ ತಿಂಗಳು ಕೆಲಸದಿಂದ ಬಿಡಿಸಿದ್ದರಂತೆ. ‘ಆ ಹುಡುಗ ಹೆಂಗ ನಡಸ್ತಾನ ನೋಡ್ತೇನಿ’ ಅಂತ ಸಂತೆಯಲ್ಲಿ ಒದರಿದ್ದನಂತೆ. ಕುತುಬುದ್ದೀನ ಅವನನ್ನು ಕರೆಸಿದ.

“ಒದರಿದ್ದು ಖರೇರಿ. ಹೊಟ್ಟಿ ಉರೀತಿತ್ತು. ಆದ್ರ ಮೂರು ದಿನ ಸವಣೂರಾಗ ಮಗಳ ಮನ್ಯಾಗ ಇದ್ದೆ. ಈಗ ಬಸ್ಸಿಳದೇನಿ, ಕಂಡಕ್ಟರನ್ನ ಕೇಳ್ರಿ.”

“ಕೋಣಿ ಕೀಲಿಕೈ?”

“ಬಿಡಿಸಿದ ದಿವಸಽ ದಿವಾನಜಿ ಕಸಗೊಂಡ್ರು. ಈಗ ಅವರ ಉಡದಾರದಾಗ ಐತಿ.”

ಕಂಡಕ್ಟರ್ ಹೌದೆಂದ. ಆ ದಾರಿ ಅಲ್ಲಿಗೇ ಮುಚ್ಚಿತು.

ಫೌಜದಾರ ಮತ್ತೆ ಬಾಯ್ಲರ್ ಎದುರು ನಿಂತ. ಅದರ ಹೊಟ್ಟೆ, ಪಂಪು, ನಳ, ಎಲ್ಲದರ ಮೇಲೂ ವಿಭೂತಿಯ ಮೂರು ಮೂರು ಗೆರೆ. ನಿನ್ನೆ ಅದನ್ನು ಕಂಡೂ ಕಂಡಿರಲಿಲ್ಲ! ಪೂಜೆ ಮಾಡಿದ ಅಯ್ಯನವರನ್ನು ಕರೆಸಿದ.

“ವಿಭೂತಿ ಹಚ್ಚುವಾಗ ನಳಾ ಗಿಳಾ ತಿರುವ್ತೀರೇನ್ರಿ?”

“ಛೇ ಛೇ, ಇದ್ದಂಗಽ ಹಚ್ತೇನ್ರಿ. ಅಮಾಸಿ ದಿನ ನಸಿಕಿನ್ಯಾಗ ದಿವಾನಜಿ ಬಾಗಲಾ ತಗದು ಕೊಡ್ತಾರ. ಹಚ್ಚಿದ ಮ್ಯಾಲ ಭತ್ತದ ಮೊದಲನೇ ಕುದಿ ಇಳಿಯೂತನಕ ಯಾರೂ ವಿಭೂತಿ ಮುಟ್ಟಬಾರದು. ಇದು ಇಲ್ಲಿ ಪದ್ಧತಿ.”

ಕುತುಬುದ್ದೀನನ ಕಣ್ಣು ಮೂರೂ ನಳಗಳ ಮೇಲೆ ಹರಿದಾಡಿತು. ಆಮೇಲೆ ಶಿಗ್ಗಾಂವದಿಂದ ಉಳಿವೆಪ್ಪನ ಮಾಸ್ತರರನ್ನು ಬರಹೇಳಿದ.

*

ಸಂಜೆ ಎಲ್ಲರೂ ಕೋಣೆಯಲ್ಲಿ ನಿಂತರು. ಅನ್ನವ್ವ ಬಾಗಿಲಲ್ಲಿದ್ದಳು. ಗಂಡನ ಹೆಣ ಅದೇ ಆಗ ಹಾನಗಲ್ಲಿನಿಂದ ತಿರುಗಿ ಬಂದಿತ್ತು.

“ಮ್ಯಾಲಿನ ನಳ ನೋಡ್ರಿ,” ಅಂದ ಕುತುಬುದ್ದೀನ. “ಹಿಡಿಕಿಯಿಂದ ಪೈಪಿನತನಕ ಗೆರಿ ನೆಟ್ಟಗ ಕೂಡ್ಯಾವ. ಕೆಳಗಿಂದು ನೋಡ್ರಿ. ಗೆರಿ ಕಡದಾವ.”

ಕೈಗೆ ದಸ್ತಿ ಸುತ್ತಿಕೊಂಡು ಕೆಳಗಿನ ಹಿಡಿಕೆ ತಿರುವಿದ. ನಳ ಮುಚ್ಚಿತು. ಮೂರು ಗೆರೆಗಳೂ ಪಟ್ಟನೆ ಕೂಡಿದವು.

“ಪೂಜಿ ಹೊತ್ತಿಗೆ ಈ ನಳ ಮುಚ್ಚಿತ್ತು. ಗಾಜಿನಾಗ ಹಳೇ ನೀರು ಸಿಕ್ಕಿಬಿತ್ತು, ಅದಕ ಅರ್ಧಽ ನಿಂತಿತ್ತು. ಬಾಯ್ಲರ್ ಒಡದ ಮ್ಯಾಲ ಯಾರೋ ತೆರದಾರ. ಪೂಜಿಗಿಂತ ಮೊದಲ ಕೋಣಿ ತಗದವರು ಯಾರು? ಎಲ್ಲಾರ್ನೂ ಹೊರಗ ಹಾಕಿ ಹಿಂದ ಉಳದವರು ಯಾರು? ನೊಣ ಸೈತ ಹೋಗಿಲ್ಲ ಅಂದವರು ನೀವಽ ಅಲ್ರಿ ದಿವಾನಜಿ?”

ಗುದ್ಲೆಪ್ಪನ ಮುಖ ಬಿಳಿಚಿತು. ಆದರೆ ಗಟ್ಟಿ ಪಿಂಡ. “ಉರಿ ಹಚ್ಚೂ ಮೊದಲ ಗಾಜು ನೋಡೇನಿ ಅಂತ ಹುಡುಗನಽ ಹೇಳ್ಯಾನಲ್ರಿ! ನಳ ಮುಚ್ಚಿದ್ರ ನೀರು ಏರ್ತಿರಲಿಲ್ಲ. ಅಂವನ ಮಾತು ಖರೇ ಅಂದ್ರ ನಾನು ನಿರ್ದೋಷಿ.”

ಕುತುಬುದ್ದೀನ ಉಳಿವೆಪ್ಪನ ಕಡೆ ತಿರುಗಿದ. ಬಸಿಯೋ ನಳದ ಹಿಡಿಕೆಯ ವಿಭೂತಿ ಒಂದಿಷ್ಟೂ ಮಾಸಿಲ್ಲ, ಹುಡುಗ ಅದನ್ನು ಮುಟ್ಟಿಯೇ ಇಲ್ಲ ಅಂತ ಫೌಜದಾರನಿಗೆ ಗೊತ್ತಿತ್ತು. ಆದರೆ ಕೋರ್ಟಿನಲ್ಲಿ ಬರೀ ವಿಭೂತಿ ಸಾಲದು, ಬಾಯಿಂದ ಬರಬೇಕು. ಹುಡುಗನ ಎದುರಿಗೆ ಮಾಸ್ತರರು. ನಿಜ ಹೇಳಿದರೆ ಎರಡು ವರ್ಷದ ಓದು ಹೋದಂತೆ.

“ನಾ ನೋಡಲಿಲ್ರಿ,” ಅಂದ ಉಳಿವೆಪ್ಪ. “ಸುಳ್ಳು ಹೇಳಿದೆ. ವಿಭೂತಿ ಅಳಸಬಾರದು, ಮೊದಲನೇ ಕುದಿ ಇಳೀಲಿ, ಆಮ್ಯಾಲ ನೋಡಿದ್ರಾತು ಅಂತ ಬಿಟ್ಟೆ. ಬರ್ಕೋರಿ.”

ಗುದ್ಲೆಪ್ಪ ಕುಸಿದು ಕೂತ. “ಕೊಲ್ಲಾಕ ಮಾಡಿದ್ದಲ್ರೀ... ನನ್ನ ಅಳಿಯಾನೂ ಅದಽ ಸಾಲ್ಯಾಗ ಓದಾಕತ್ತಾನ. ಮಾಲಕರು ಈ ಕೆಲಸ ಉಳಿವೆಪ್ಪಗ ಅಂತ ಮಾತು ಕೊಟ್ರು. ಬಾಯ್ಲರ್ ಕೆಟ್ರ ಇವನ ಹೆಸರು ಕೆಡ್ತದ, ಅಷ್ಟಽ ಅಂತ ಮಾಡಿದ್ದೆ. ಅಮಾಸಿ ದಿನ ಇಂವಾ ನಳ ಮುಟ್ಟೂದಿಲ್ಲ ಅಂತ ಗೊತ್ತಿತ್ತು.”

ಪೋಲೀಸರು ಅವನ ರಟ್ಟೆ ಹಿಡಿದು ಎಬ್ಬಿಸಿದರು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. “ಹೆಸರು ಹೊಡೀಬೇಕಾಗ್ತದಪಾ ಉಳಿವೆಪ್ಪಾ.”

“ಹೊಡೀರಿ ಸರ್.”

ಅನ್ನವ್ವ ಬಾಗಿಲು ಬಿಟ್ಟು ಮುಂದೆ ಬಂದಳು. “ನೀ ನೋಡಿದ್ದರ ನನ್ನ ಗಂಡ ಉಳೀತಿದ್ನೇನೋ ತಮ್ಮಾ?”

ಈ ಸಲ ಉಳಿವೆಪ್ಪ ತಡವರಿಸಲಿಲ್ಲ. “ಉಳೀತಿದ್ದ ಯವ್ವಾ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಖರೇ ಹೇಳಿದಿ. ಮಣ್ಣಿಗೆ ಹೊತ್ತಾತು, ಬಾ. ಹೆಗಲು ಕೊಡು.”

ಉಳಿವೆಪ್ಪ ಅಳುತ್ತಲೇ ಅವಳ ಹಿಂದೆ ಹೋದ.