ಎಪ್ಪತ್ತೆರಡರ ಆಚೆಯ ಗುರುತು

ಬೆಳಿಗ್ಗೆ 10.20ಕ್ಕೆ ಬಸ್ ಚಾಲಕನೊಬ್ಬ ಠಾಣೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು, ಇನ್‌ಸ್ಪೆಕ್ಟರಮ್ಮನ ಮೇಜಿನ ಮೇಲೆ ಫೋನ್ ಇಟ್ಟ. ಅದರಲ್ಲಿ ಎರಡು ಫೋಟೋ. ಒಂದೇ ರಕ್ತದ ಗುಂಪಿನವರು ಮೂತ್ರಪಿಂಡಕ್ಕಾಗಿ ಕಾಯುವ ಸರದಿ ಪಟ್ಟಿ; ಅಂಗಾಂಗ ಹಂಚಿಕೆ ಕಚೇರಿಯ ಫಲಕದಲ್ಲಿ ದಿನಾ ಅಂಟಿಸುವಂಥದ್ದು. ನಿನ್ನೆ ಅವನ ಹೆಂಡತಿಯ ನೋಂದಣಿ ಸಂಖ್ಯೆ ಮೊದಲನೆಯದು, ಇವತ್ತು ಎರಡನೆಯದು. ನಿನ್ನೆ ನಾಲ್ಕನೆಯದಾಗಿದ್ದ ಸಂಖ್ಯೆ ಮೇಲಕ್ಕೆ ಜಿಗಿದು ಕುಳಿತಿತ್ತು.

"ಇವತ್ತೇ ಒಂದು ಕಿಡ್ನಿ ಬರ್ತಿದೆ ಮೇಡಂ. ಮೂರು ಗಂಟೆಯೊಳಗೆ ಯಾರಿಗೆ ಅಂತ ತೀರ್ಮಾನ. ಇನ್ನೊಂದು ಬರೋ ತನಕ ಅವಳು ಇರಲ್ಲ ಅಂದುಬಿಟ್ಟಿದ್ದಾರೆ ಡಾಕ್ಟ್ರು."

ಹದಿನೆಂಟು ವರ್ಷದ ಸೇವೆಯಲ್ಲಿ ಇನ್‌ಸ್ಪೆಕ್ಟರಮ್ಮ ಸರ, ಬೈಕು, ಟ್ರಾನ್ಸ್‌ಫಾರ್ಮರ್ ಕದ್ದವರನ್ನೆಲ್ಲ ಹಿಡಿದಿದ್ದರು. ಸರದಿಯನ್ನೇ ಕದ್ದವರು ಇದೇ ಮೊದಲು. 10.45ಕ್ಕೆ ಎಫ್‌ಐಆರ್ ದಾಖಲಾಯಿತು, 11.10ಕ್ಕೆ ಜೀಪು ಕಚೇರಿಯ ಮುಂದಿತ್ತು.

ಪಟ್ಟಿಯನ್ನು ಮನುಷ್ಯರು ಮಾಡುವುದಿಲ್ಲ, ಪ್ರೋಗ್ರಾಂ ಮಾಡುತ್ತದೆ ಎಂದು ಮುಖ್ಯಸ್ಥರು ಗತ್ತಿನಿಂದಲೇ ಹೇಳಿದರು. ಪ್ರೋಗ್ರಾಂ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯದು, ಯಂತ್ರ ಅದಕ್ಕಿಂತಲೂ ಹಳೆಯದು, ಎರಡನ್ನೂ ಬಲ್ಲವರು ಊರಿಗೆಲ್ಲ ಒಬ್ಬರೇ. ಕಚೇರಿಯವರು ಅವರನ್ನು ಕೋಬಾಲಜ್ಜ ಎನ್ನುತ್ತಿದ್ದರು. ಅರವತ್ತೊಂದರ ಪ್ರಾಯ, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಆದರೆ ಯಂತ್ರವನ್ನು ಮುಟ್ಟುವವರು ನಾಲ್ವರಿದ್ದರು, ಪಾಸ್‌ವರ್ಡ್ ಮಾತ್ರ ಒಂದೇ. ಅದನ್ನೂ ಚೀಟಿ ಬರೆದು ಪರದೆಗೇ ಅಂಟಿಸಿದ್ದರು. ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ನೇತುಹಾಕಿದ್ದೀರಲ್ಲ ಎಂದು ಇನ್‌ಸ್ಪೆಕ್ಟರಮ್ಮ ರೇಗಿದರು.

ಇಡೀ ಪ್ರೋಗ್ರಾಂ ಮುದ್ರಿಸಿಕೊಡಿ ಎಂದರು. ಯಾಕಮ್ಮ ಕಾಗದ ದಂಡ, ಪರದೆಯಲ್ಲೇ ಎಲ್ಲ ಕಾಣುತ್ತದೆ ಎಂದರು ಕೋಬಾಲಜ್ಜ. ಇನ್‌ಸ್ಪೆಕ್ಟರಮ್ಮ ಜಗ್ಗಲಿಲ್ಲ. ಮೂಲೆಯ ಅಗಲ ಕಾಗದದ ಮುದ್ರಣಯಂತ್ರ ಕಟಕಟ ಶುರುವಿಟ್ಟುಕೊಂಡಿತು. ಹೋದ ವರ್ಷದ ಮುದ್ರಿತ ಪ್ರತಿ ಬೀರುವಿನಲ್ಲಿತ್ತು. ಹಳೆಯದು ಎಡಕ್ಕೆ, ಹೊಸದು ಬಲಕ್ಕೆ. ಕಾರಿಡಾರಿನ ಉದ್ದಕ್ಕೂ ಹಾಸಿ ಇನ್‌ಸ್ಪೆಕ್ಟರಮ್ಮ, ಕಾನ್‌ಸ್ಟೇಬಲ್ ಉದ್ದಣ್ಣ ಇಬ್ಬರೂ ಮಂಡಿಯೂರಿದರು. ಆರಡಿ ಮೂರಂಗುಲದ ಉದ್ದಣ್ಣನಿಗೆ ಅದೊಂದು ಶಿಕ್ಷೆಯೇ. ಭಾಷೆ ಇಬ್ಬರಿಗೂ ಬಾರದು, ಬರಬೇಕಾಗಿಯೂ ಇರಲಿಲ್ಲ. ಹಳೆಯದರಲ್ಲಿ ಇಲ್ಲದ್ದು ಹೊಸದರಲ್ಲಿ ಇದೆಯೇ, ಅಷ್ಟೇ ಪ್ರಶ್ನೆ.

1.35ಕ್ಕೆ ಮೂವತ್ತೊಂದನೆಯ ಹಾಳೆಯ ಮೇಲೆ ಉದ್ದಣ್ಣನ ಬೆರಳು ನಿಂತಿತು. ಎರಡು ಸಾಲು ಹೆಚ್ಚಿಗೆ. ಅರ್ಥ ಓದಿ ಹೇಳಿದವಳು ಯಂತ್ರ ಮುಟ್ಟುವ ನಾಲ್ವರಲ್ಲೊಬ್ಬಳಾದ ಆಪರೇಟರ್ ಹುಡುಗಿ: ಈ ನೋಂದಣಿ ಸಂಖ್ಯೆ ಬಂದರೆ, ಕಾದ ದಿನಗಳಿಗೆ ನಾನೂರು ಸೇರಿಸು. ಅದು ಮೇಲಕ್ಕೆ ಜಿಗಿದಿದ್ದ ಸಂಖ್ಯೆಯೇ. ಆ ಸಾಲುಗಳ ಬಲತುದಿಯಲ್ಲಿ ದೂರಕ್ಕೆ ನಾಲ್ಕು ಅಕ್ಷರ, ಪಕ್ಕದಲ್ಲಿ ನಿನ್ನೆಯ ದಿನ, ತಿಂಗಳು.

"ಇದೇನಮ್ಮ?"

ಸಾಲಿನ ಎಪ್ಪತ್ತೆರಡನೆಯ ಅಂಕಣದಿಂದ, ಅಂದರೆ ಎಪ್ಪತ್ತೆರಡನೆಯ ಅಕ್ಷರದ ಜಾಗದಿಂದಾಚೆ ಇರುವುದನ್ನು ಕೋಬಾಲ್ ಓದುವುದೇ ಇಲ್ಲ ಎಂದಳು ಹುಡುಗಿ. ಹಿಂದಿನವರು ಸಾಲು ಬರೆದು ಮುಗಿಸಿದೊಡನೆ ಒಂದು ಕೀಲಿ ಒತ್ತಿ ಅಲ್ಲಿ ತಮ್ಮ ಗುರುತು ಹಾಕುತ್ತಿದ್ದರು. ಹೊಸ ಪರದೆಯಲ್ಲಿ ಎಪ್ಪತ್ತೆರಡಕ್ಕೇ ಅಂಚು ಬರುತ್ತದೆ, ಗುರುತು ಕಾಣುವುದಿಲ್ಲ. ಯಾರ ಗುರುತು ಎಂದು ಕೇಳಿದಾಗ ಅವಳು ಹಿಂದಕ್ಕೆ ತಿರುಗಿ ನೋಡಿದಳು.

ಹಿಂದಿನಿಂದ ಕೋಬಾಲಜ್ಜ ಬಗ್ಗಿ ನೋಡಿದರು.

"ನಂದೇ."

"ಕಳ್ಳ ಕೆಲಸಕ್ಕೂ ಸಹಿ ಹಾಕಿದ್ರಾ?"

"ಮೂವತ್ತು ವರ್ಷದ ರೂಢಿ ಮೇಡಂ, ಬೆರಳು ತಾನೇ ಒತ್ತಿಬಿಟ್ಟಿದೆ. ಗುರುತಿಲ್ಲದ ಸಾಲು ಬಿಟ್ಟುಹೋದ್ರೆ, ಮುಂದೆ ಬಂದವರು ಯಾರನ್ನ ಕೇಳ್ಬೇಕು?"

ಆ ಸಂಖ್ಯೆ ಯಾರದೆಂದು ಇನ್‌ಸ್ಪೆಕ್ಟರಮ್ಮ ಕೇಳಿದರು. ತಂಗಿಯದು ಎಂದರು ಕೋಬಾಲಜ್ಜ. ತಾಯಿಯಿಲ್ಲದ ಮನೆಯಲ್ಲಿ ತಾವೇ ಜಡೆ ಹೆಣೆದು ಶಾಲೆಗೆ ಕಳಿಸಿದ ತಂಗಿ. ಅವಳಿಗೆ ಇದೊಂದೂ ಗೊತ್ತಿಲ್ಲ, ಕರೆ ಬಂತೆಂದು ಆಸ್ಪತ್ರೆಗೆ ಹೋಗಿ ಕುಳಿತಿದ್ದಾಳೆ.

2.05ಕ್ಕೆ ಇಬ್ಬರು ಸಿಬ್ಬಂದಿಯ ಸಾಕ್ಷಿಯಲ್ಲಿ ಪಂಚನಾಮೆ ಆಯಿತು, ಹಾಳೆ ಜಪ್ತಿಯಾಯಿತು, ಬಂಧನವೂ ಆಯಿತು. ಆಮೇಲೆ ಬಂತು ನಿಜವಾದ ಪೇಚು. ಪ್ರೋಗ್ರಾಂ ತಿದ್ದಿ, ಯಂತ್ರಕ್ಕೆ ತಿಳಿಯುವಂತೆ ಕಂಪೈಲ್ ಮಾಡಿ, ಹೊಸ ಪಟ್ಟಿ ತೆಗೆಯಬೇಕು. ಹುಡುಗಿಗೆ ಓದುವಷ್ಟೇ ಗೊತ್ತು; ತಿದ್ದಲು ಬಲ್ಲವರು ಒಬ್ಬರೇ, ಅವರ ಕೈಗೆ ಕೋಳ ಬಿದ್ದಿದೆ. ಮುಖ್ಯಸ್ಥರು ಅವರಿಂದ ಮತ್ತೆ ಯಂತ್ರ ಮುಟ್ಟಿಸುವುದು ಬೇಡವೇ ಬೇಡ ಎಂದು ಹಟ ಹಿಡಿದರು. ಗಡಿಯಾರದಲ್ಲಿ 2.20. ಇನ್‌ಸ್ಪೆಕ್ಟರಮ್ಮ ಕೋಳ ಬಿಚ್ಚಿಸಿ, ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲೇ ಕುಳಿತರು.

ಕೋಬಾಲಜ್ಜ ಆ ಎರಡು ಸಾಲನ್ನು ಅಳಿಸಲಿಲ್ಲ. ಏಳನೆಯ ಅಂಕಣದಲ್ಲಿ ಒಂದೊಂದು ನಕ್ಷತ್ರ ಒತ್ತಿದರು. ನಕ್ಷತ್ರವಿದ್ದ ಸಾಲನ್ನು ಯಂತ್ರ ದಾಟಿಹೋಗುತ್ತದೆ. ಕೊನೆಗೆ ಗುರುತಿನ ಕೀಲಿಯನ್ನು, ಈ ಸಲ ತಿಳಿದೇ ಒತ್ತಿದರು.

2.48ಕ್ಕೆ ಪಟ್ಟಿ ಹೊರಬಂತು. ಉದ್ದಣ್ಣ ಅದನ್ನು ಹಿಡಿದು ಮೆಟ್ಟಿಲಿಳಿದು ಓಡಿದ. ಬೆಳಿಗ್ಗೆಯಿಂದ ಕೆಳಗೆ ಕಾಯುತ್ತಿದ್ದ ಬಸ್ ಚಾಲಕ ಮೊದಲ ಸಾಲು ನೋಡಿ, ಉದ್ದಣ್ಣನ ತೋಳು ಹಿಡಿದುಕೊಂಡು ಬಿಕ್ಕಿದ. 2.54ಕ್ಕೆ ಆಸ್ಪತ್ರೆಗೆ ಸುದ್ದಿ ಮುಟ್ಟಿತು.

ತಂಗಿಗೆ ತಾನೇ ಹೇಳುತ್ತೇನೆಂದು ಕೋಬಾಲಜ್ಜ ಬೇಡಿದರು. ಇನ್‌ಸ್ಪೆಕ್ಟರಮ್ಮ ತಮ್ಮ ಫೋನನ್ನೇ ಕೊಟ್ಟರು.

"ಪುಟ್ಟಿ, ಮನೆಗೆ ಹೋಗಮ್ಮ. ನಿನ್ನ ಸರದಿ ಇನ್ನೂ ಬಂದಿಲ್ಲ. ಲೆಕ್ಕ ತಪ್ಪಿಸಿದ್ದು ನಾನು."

ಆ ಕಡೆಯಿಂದ ಅವಳು ಕೇಳಿದ್ದು ಒಂದೇ ಮಾತು, ಅಣ್ಣಾ ಊಟ ಮಾಡಿದ್ಯಾ ಎಂದು.

ಸಂಜೆ ವರದಿಯಲ್ಲಿ ಉದ್ದೇಶ ಎಂಬ ಜಾಗದಲ್ಲಿ ಇನ್‌ಸ್ಪೆಕ್ಟರಮ್ಮ ಹೀಗೆ ಬರೆದರು: ಆರೋಪಿಯ ತಂಗಿ ಪಟ್ಟಿಯಲ್ಲಿ ನಾಲ್ಕನೆಯವಳು. ಅಂದು ಬಂದದ್ದು ಒಂದೇ ಮೂತ್ರಪಿಂಡ.