ಮಲ್ಲಿಗೆ ಹಾಕಿದ ಫೋಟೋ

ಆಟಿ ತಿಂಗಳಲ್ಲಿ ನನಗೊಂದು ಸಂಬಂಧ ಬಂತು. ಹುಡುಗ ತೀರಿಹೋಗಿ ಇಪ್ಪತ್ತೈದು ವರ್ಷ ಕಳೆದಿತ್ತು.

ನಗಬೇಡಿ. ನಗುವಂಥದ್ದೇ ಅಂತ ನನಗೂ ಗೊತ್ತು. ಆದರೆ ಆ ಭಾನುವಾರ ನನ್ನ ಕೈಕಾಲು ತಣ್ಣಗಾಗಿ ಹೋಗಿತ್ತು.

ನಮ್ಮ ಕಡೆ ಒಂದು ನಂಬಿಕೆ ಉಂಟು. ಚಿಕ್ಕಂದಿನಲ್ಲಿ ತೀರಿಕೊಂಡ ಮಕ್ಕಳು ಆ ಕಡೆಯಲ್ಲಿ ನಮ್ಮ ಹಾಗೆಯೇ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ಅವರಿಗೂ ಮದುವೆ ಆಗಬೇಕು, ಇಲ್ಲದಿದ್ದರೆ ಮನೆಯಲ್ಲಿ ಬದುಕಿರುವವರ ಮದುವೆಗೆ ಅಡ್ಡಿ. ಹಾಗಾಗಿ ಸತ್ತ ಹುಡುಗನಿಗೆ ಸತ್ತ ಹುಡುಗಿಯನ್ನೇ ಹುಡುಕಿ, ಜಾತಿ ಬರಿ ಎಲ್ಲ ವಿಚಾರಿಸಿ, ಸೀರೆ ಪಂಚೆ ಇಟ್ಟು, ಊಟ ಹಾಕಿ ಪ್ರೇತ ಮದುವೆ ಮಾಡುತ್ತಾರೆ. ಬರಿ ಅಂದರೆ ತಾಯಿಯ ಕಡೆಯಿಂದ ಬರುವ ಕುಲದ ಹೆಸರು. ಒಂದೇ ಬರಿಯವರು ಅಣ್ಣ ತಂಗಿ ಇದ್ದ ಹಾಗೆ, ಮದುವೆ ಆಗುವಂತಿಲ್ಲ. ಇದಕ್ಕೆಲ್ಲ ಒಳ್ಳೆಯ ತಿಂಗಳು ಆಟಿ, ಆಷಾಢದ ಹೊತ್ತಿನ ನಮ್ಮ ತುಳು ತಿಂಗಳು. ಬದುಕಿರುವವರ ಮದುವೆಯ ಮಾತನ್ನು ಆಟಿಯಲ್ಲಿ ಯಾರೂ ಎತ್ತುವುದಿಲ್ಲ.

ನಮ್ಮದು ಗುರುವಾಯನಕೆರೆ ಪೇಟೆಯಲ್ಲಿ, ಪೆಟ್ರೋಲ್ ಬಂಕಿನ ಹಿಂದಿನ ತಾರಸಿ ಮನೆ. ಅಪ್ಪ ಅಮ್ಮ ಮಸ್ಕತ್‌ನಲ್ಲಿ. ಇಲ್ಲಿರುವುದು ಸಾತ್ವಿಕಾ ಎಂಬ ನಾನು ಮತ್ತು ಅಮ್ಮನ ಅಮ್ಮ ಜಲಜಾಕ್ಷಿ. ಅಜ್ಜನೂ ಇದ್ದಾರೆ, ಗೋಡೆಯ ಮೇಲೆ, ಕಪ್ಪು-ಬಿಳುಪಿನಲ್ಲಿ, ಗಂಧದ ಹಾರ ಹಾಕಿಕೊಂಡು. ಕ್ಯಾಮೆರಾ ಬಿಟ್ಟು ಪಕ್ಕಕ್ಕೆಲ್ಲೋ ನೋಡುತ್ತಾ ನಗುತ್ತಿದ್ದಾರೆ. ಅಡುಗೆಮನೆಯಿಂದ ಮೀನು ಹುರಿದ ವಾಸನೆ ಬಂದಿರಬೇಕು ಅಂತ ನಾನು ತಮಾಷೆ ಮಾಡುವುದುಂಟು.

ಆ ಬೆಳಿಗ್ಗೆ ನೆರಿಯ ಎಂಬ ಊರಿನಿಂದ ಗಂಡ ಹೆಂಡತಿ ಇಬ್ಬರು ಬಂದರು. ಗಂಡನ ಹೆಸರು ಅಣ್ಣು, ಹೆಂಡತಿ ಕಾಂತಿ. ಅಂಗಳದಲ್ಲೇ ಕಾಲು ತೊಳೆದು, ಸಾವಿನ ಮನೆಗೆ ಬಂದವರ ಹಾಗೆ ಮೆಲ್ಲಗೆ ಒಳಗೆ ಬಂದು ಕೂತರು. ನಾನು ಬೆಲ್ಲ ನೀರು ತಂದಿಟ್ಟೆ.

“ನಮ್ಮದು ಸಾಲ್ಯಾನ್ ಬರಿ. ನಿಮ್ಮದು?” ಅಂದರು ಅಣ್ಣು.

“ಬಂಗೇರ,” ಅಂದಳು ಅಜ್ಜಿ.

“ಹಾಗಾದರೆ ಆಗ್ತದೆ.”

“ಎಂತ ಆಗ್ತದೆ?”

ಅಣ್ಣು ಹೆಂಡತಿಯ ಮುಖ ನೋಡಿದರು. “ನಮ್ಮ ದೊಡ್ಡ ಮಗ ತೊಟ್ಟಿಲಲ್ಲೇ ಹೋದ. ಈಗ ಮಗಳು ವಿಜೇತಾಳಿಗೆ ಬಂದ ಸಂಬಂಧ ಎಲ್ಲ ತಪ್ಪಿ ಹೋಗ್ತಾ ಉಂಟು. ಅವನಿಗೆ ಮೊದಲು ಮಾಡಿ ಅಂತ ಜೋಯಿಸರು ಇಟ್ಟ ಪ್ರಶ್ನೆಯಲ್ಲಿ ಬಂತು. ಪೇಟೆಯ ಸ್ಟುಡಿಯೋದಲ್ಲಿ ನಿಮ್ಮ ಮೊಮ್ಮಗಳ ಫೋಟೋ ನೋಡಿದೆವು. ಪಾಪ, ಎಂಥ ಚಂದದ ಹುಡುಗಿ. ಇಷ್ಟು ಸಣ್ಣ ಪ್ರಾಯದಲ್ಲಿ ಹೋದಳಲ್ಲ.”

ಆಗಲೇ ಕಾಂತಿಯಕ್ಕ ತಲೆ ಎತ್ತಿ ನನ್ನನ್ನು ಸರಿಯಾಗಿ ನೋಡಿದ್ದು. ಅವರ ಕೈಯಲ್ಲಿದ್ದ ಲೋಟ ಠಣ್ ಅಂತ ನೆಲಕ್ಕೆ ಬಿತ್ತು.

“ಇವಳೇ! ಅಯ್ಯೋ ದೇವರೇ, ಇವಳೇ!”

“ಕಪ್ಪು-ಬಿಳುಪು ಫೋಟೋ ಅಮ್ಮ,” ಅಣ್ಣು ಎದ್ದು ನಿಂತು ಕೈಮುಗಿದುಬಿಟ್ಟರು. “ಅದಕ್ಕೆ ಮಲ್ಲಿಗೆ ಬೇರೆ ಹಾಕಿತ್ತು. ಸ್ಟುಡಿಯೋದವರು ಇರಲಿಲ್ಲ. ಪಕ್ಕದ ಬೇಕರಿಯ ಶಾಫಿಯ ಹತ್ತಿರ ಯಾರ ಮನೆಯದು ಅಂತ ಮಾತ್ರ ಕೇಳಿದ್ದು. ಸತ್ತದ್ದಾ ಅಂತ ಬಾಯಿಬಿಟ್ಟು ಕೇಳ್ಲಿಕ್ಕೆ ಆಗ್ತದಾ?”

ಕಾಂತಿಯಕ್ಕ ನನ್ನ ಕೈ ಹಿಡಿದುಕೊಂಡರು. “ಬೆಚ್ಚಗುಂಟು,” ಅಂತ ಅಳತೊಡಗಿದರು. ಹೋಗುವಾಗ ಗೇಟಿನವರೆಗೂ ಅದೇ. “ತಪ್ಪಾಯ್ತು ಮಗಾ. ನಿನಗೆ ನೂರು ವರ್ಷ ಆಗಲಿ.”

ಅವರು ತಿರುವು ದಾಟಿದ್ದೇ ತಡ, ಅಜ್ಜಿ ನನ್ನ ಕಡೆ ತಿರುಗಿದಳು. “ಯಾವ ಸ್ಟುಡಿಯೋ? ಯಾರವನು? ನಿನ್ನ ಫೋಟೋ ಅಲ್ಲಿಗೆ ಹೇಗೆ ಹೋಯಿತು?”

ನನಗೆ ಉತ್ತರ ಗೊತ್ತಿತ್ತು. ಅದೇ ಹೆದರಿಕೆ.

ನಾನು ಇಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವವಳು. ಹೋದ ಚಳಿಗಾಲದಲ್ಲಿ ಒಬ್ಬ ಬಾಗಿಲಲ್ಲಿ ಇಣುಕಿದ.

“ಎಲ್ಲಿ ನೋವು?” ಅಂತ ಕೇಳಿದೆ.

“ನೋವಿಲ್ಲ. ಇಲ್ಲಿ ಹಳೆಯ ಡಾರ್ಕ್ ರೂಮ್ ಉಂಟಂತಲ್ಲ?”

ಅವನೇ ಭವಿತ್. ಹೊಟ್ಟೆಪಾಡಿಗೆ ಮದುವೆ, ಸೀಮಂತ ಅಂತ ಬಣ್ಣದ ಫೋಟೋ ತೆಗೆಯುವವನು. ತನಗಾಗಿ ತೆಗೆಯುವುದು ಮಾತ್ರ ರೀಲಿನಲ್ಲಿ, ಕಪ್ಪು-ಬಿಳುಪು. ನಮ್ಮ ಎಕ್ಸ್‌ರೇ ಎಲ್ಲ ಕಂಪ್ಯೂಟರಿಗೆ ಬಂದ ಮೇಲೆ ಡಾರ್ಕ್ ರೂಮಿನಲ್ಲಿ ಹತ್ತಿಯ ಪೆಟ್ಟಿಗೆ ತುಂಬಿಸಿಟ್ಟಿದ್ದೆವು. ಕೆಂಪು ದೀಪ, ಟ್ರೇ ಎಲ್ಲ ಹಾಗೇ ಇತ್ತು. ಡಾಕ್ಟರು ಒಪ್ಪಿದರು. ಮಧ್ಯಾಹ್ನ ರೋಗಿಗಳು ಇಲ್ಲದ ಹೊತ್ತಿಗೆ ಅವನು ಬಂದು ಫೋಟೋ ತೊಳೆಯುತ್ತಿದ್ದ. ನಾನು ಹತ್ತಿ ತೆಗೆಯುವ ನೆಪದಲ್ಲಿ ಹೋಗುತ್ತಿದ್ದೆ. ಅಷ್ಟು ಹತ್ತಿ ಯಾವ ಕ್ಲಿನಿಕ್ಕಿಗೂ ಬೇಡ.

“ಬಣ್ಣ ಇರುವಾಗ ಇದೆಲ್ಲ ಯಾಕೆ ಮಾರಾಯ್ರೆ?” ಅಂತ ಒಮ್ಮೆ ಕೆಣಕಿದೆ.

“ಬಣ್ಣದಲ್ಲಿ ಕೊಟ್ಟರೆ ಎಲ್ಲರೂ ಮೊದಲು ಮದುಮಗಳ ಸೀರೆ ನೋಡ್ತಾರೆ, ಆಮೇಲೆ ಚಿನ್ನ ನೋಡ್ತಾರೆ. ಮುಖಕ್ಕೆ ಬರುವಷ್ಟರಲ್ಲಿ ಪುಟ ಮಗುಚಿ ಆಯ್ತು. ಇದರಲ್ಲಿ ಮುಖ ಬಿಟ್ಟು ನೋಡ್ಲಿಕ್ಕೆ ಬೇರೆ ಎಂತ ಉಂಟು ಹೇಳಿ?”

ಹೇಳುತ್ತಾ ನನ್ನ ಮುಖವನ್ನೇ ನೋಡಿದ. ಕೆಂಪು ದೀಪದಲ್ಲಿ ಕೆನ್ನೆ ಕೆಂಪಾದದ್ದು ಕಾಣುವುದಿಲ್ಲ, ಪುಣ್ಯ.

ಒಂದು ದಿನ ಹಳೆಯ ಕ್ಯಾಮೆರಾ ತಂದ. ಎದೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದ್ದು. ಕಿಟಕಿಗೆ ಅಂಟಿಸಿದ್ದ ಕಪ್ಪು ಕಾಗದ ಸ್ವಲ್ಪ ಸರಿಸಿ ನನ್ನನ್ನು ನಿಲ್ಲಿಸಿದ. ದಿನವಿಡೀ ರೋಗಿಗಳಿಗೆ ಉಸಿರು ಎಳೆಯಿರಿ, ಹಿಡಿಯಿರಿ, ಬಿಡಿ ಅನ್ನುವವಳು ನಾನು. ಆಗ ನನಗೇ ಬಿಡುವುದು ಮರೆತುಹೋಯಿತು.

“ಉಸಿರು ಬಿಡಿ,” ಅಂದ ಅವನು, ತಲೆ ಎತ್ತಿ, ನಗುತ್ತಾ. ಆಗಲೇ ಕ್ಲಿಕ್ ಅಂತ ಸದ್ದಾಯಿತು.

ಆ ಫೋಟೋ ಕೇಳಿದಾಗೆಲ್ಲ “ಇನ್ನೂ ಸರಿ ಬಂದಿಲ್ಲ” ಅನ್ನುತ್ತಿದ್ದ. ನನ್ನ ಮೂತಿಯೇ ಸರಿ ಇಲ್ಲದಿದ್ದರೆ ಫೋಟೋ ಎಲ್ಲಿಂದ ಸರಿ ಬರಬೇಕು ಅಂದುಕೊಂಡು ಸುಮ್ಮನಾದೆ. ಅವನು ಬೇರೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನ ಬರಿ ಯಾವುದು ಅಂತಲೂ ಕೇಳಲಿಲ್ಲ. ನಮ್ಮೂರಲ್ಲಿ ಹುಡುಗನ ಬರಿ ಕೇಳಿದರೆ ಮನಸ್ಸಿನಲ್ಲಿರುವುದು ಹೇಳಿದ ಹಾಗೆಯೇ ಲೆಕ್ಕ.

ಈಗ ಅಜ್ಜಿಗೆ ಫೋಟೋ ತೆಗೆದದ್ದಷ್ಟೇ ಹೇಳಿದೆ.

“ಆ ಫೋಟೋ ಸಂಜೆಯ ಒಳಗೆ ಇಲ್ಲಿಗೆ ಬರಬೇಕು. ಅದರ ಮೂಲ ಉಂಟಲ್ಲ, ನೆಗೆಟಿವ್, ಅದೂ ಬೇಕು. ಎರಡನ್ನೂ ಒಲೆಗೆ ಹಾಕ್ತೇನೆ. ಆಮೇಲೆ ಅವನ ಸುದ್ದಿ ಈ ಮನೆಯಲ್ಲಿ ಬೇಡ. ಸತ್ತ ಹುಡುಗಿ ಅಂತ ಊರಲ್ಲಿ ಹಬ್ಬಿದರೆ ನಿನ್ನ ಗತಿ ಎಂತ?” ಅಜ್ಜಿ ಒಲೆಗೆ ಕಟ್ಟಿಗೆ ತುರುಕಿದಳು. ಅದು ಸಿಟ್ಟಲ್ಲ, ಭಯ.

ಭವಿತ್‌ನ ಫೋನ್ ಸ್ವಿಚ್ ಆಫ್. ಕೊಡೆ ಹಿಡಿದು ಸ್ಟುಡಿಯೋಗೆ ಓಡಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅವನು ‘ಅಯ್ಯೋ ಸಾರಿ, ತಗೊಳ್ಳಿ’ ಅಂತ ಫೋಟೋ, ನೆಗೆಟಿವ್ ಎರಡನ್ನೂ ಕವರಿಗೆ ಹಾಕಿ ಕೊಟ್ಟರೆ? ಕೊಟ್ಟರೆ ಅಲ್ಲಿಗೆ ಮುಗಿಯಿತು. ನನ್ನ ಕೆಲಸ ಸುಲಭ, ನನ್ನ ಜೀವ ಕಷ್ಟ.

ಶಾಫಿ ಬೇಕರಿಯಿಂದಲೇ ಕೂಗಿದ. “ಅವನು ಮೂಡುಬಿದಿರೆಗೆ ಹೋಗಿದ್ದಾನೆ, ಬಸದಿಯ ಕಂಬದ ಫೋಟೋ ತೆಗೀಲಿಕ್ಕೆ. ಈಗ ಬರ್ತಾನೆ, ಕೂತ್ಕೊಳ್ಳಿ.”

ಕೂರಲಿಲ್ಲ. ಕೂರಲು ಆಗಲಿಲ್ಲ. ಸ್ಟುಡಿಯೋದ ಗೋಡೆ ತುಂಬಾ ಕೆಂಪು, ಹಸಿರು, ಜರತಾರಿ ಮದುಮಗಳಂದಿರು. ಅವರ ನಡುವೆ ನಾನೊಬ್ಬಳು ಕಪ್ಪು-ಬಿಳುಪು. ಕೆಲಸದ ಏಪ್ರನ್, ಕಿವಿಯ ಹತ್ತಿರ ಬಿಚ್ಚಿದ ಕೂದಲು, ಅರ್ಧ ಮುಖಕ್ಕೆ ಕಿಟಕಿಯ ಬೆಳಕು. ಫೋಟೋ ಕೆಟ್ಟಿರಲಿಲ್ಲ. ಆ ಹುಡುಗಿ ಕ್ಯಾಮೆರಾ ನೋಡುತ್ತಿರಲಿಲ್ಲ. ಅದನ್ನು ಹಿಡಿದವನನ್ನು ನೋಡುತ್ತಿದ್ದಳು. ನಾನು ಇಷ್ಟು ತಿಂಗಳು ಮುಚ್ಚಿಟ್ಟದ್ದೆಲ್ಲ ಎಕ್ಸ್‌ರೇಯಲ್ಲಿ ಎಲುಬು ಕಾಣುವ ಹಾಗೆ ಕಾಣುತ್ತಿತ್ತು. ಇದನ್ನು ಅಜ್ಜಿಯ ಕೈಗೆ ಕೊಡುವುದು ಹೇಗೆ?

ಬೈಕ್ ನಿಂತ ಸದ್ದಾಯಿತು. ಭವಿತ್ ಒದ್ದೆ ಹೆಲ್ಮೆಟ್ ತೆಗೆದು, ನನ್ನನ್ನು ನೋಡಿ, ಗೋಡೆ ನೋಡಿ, ಬಿಳಿಚಿಹೋದ.

“ಸರಿ ಬಂದಿಲ್ಲ ಅಂದಿದ್ದೆಯಲ್ಲ?” ಸಿಟ್ಟಿನಲ್ಲಿ ‘ನೀವು’ ಎಲ್ಲೋ ಬಿದ್ದುಹೋಯಿತು.

“ಸರಿ ಬಂದದ್ದಕ್ಕೇ ತೋರಿಸಲಿಲ್ಲ. ನೀವು ನೋಡಿದರೆ ತೆಗೆದುಬಿಡಿ ಅಂತೀರಿ ಅಂತ ಹೆದರಿಕೆ.”

“ಮಲ್ಲಿಗೆ ಯಾಕೆ ಹಾಕಿದ್ದು?”

“ಮೊನ್ನೆ ಡಾರ್ಕ್ ರೂಮಿನ ಮೇಜಿನ ಮೇಲೆ ಬಿಟ್ಟುಹೋಗಿದ್ದಿರಿ. ನಿಮ್ಮ ತಲೆಯಲ್ಲಿದ್ದ ಹೂವು, ಎಸೆಯಲಿಕ್ಕೆ ಮನಸ್ಸು ಬರಲಿಲ್ಲ. ಮೊಳೆ ಇತ್ತು, ತೂಗಿಸಿದೆ.”

“ನಿನ್ನ ತಲೆ! ಕಪ್ಪು-ಬಿಳುಪು ಫೋಟೋಕ್ಕೆ ಹೂವು ಹಾಕಿದರೆ ಎಂತ ಅರ್ಥ ಅಂತ ಗೊತ್ತಿಲ್ವಾ? ಇವತ್ತು ನನ್ನನ್ನು ಸತ್ತ ಹುಡುಗನಿಗೆ ಕೇಳ್ಲಿಕ್ಕೆ ಬಂದಿದ್ದರು!”

ನಡೆದದ್ದೆಲ್ಲ ಹೇಳಿದೆ. ಅವನು ಹೆಲ್ಮೆಟ್ ಹಿಡಿದುಕೊಂಡೇ ಕುರ್ಚಿಗೆ ಕುಸಿದ. ಕೊನೆಗೆ ಆ ಮಾತೂ ಹೇಳಬೇಕಾಯಿತು. “ಫೋಟೋ, ನೆಗೆಟಿವ್ ಎರಡೂ ಕೊಡಬೇಕಂತೆ. ಸುಡ್ತಾರಂತೆ.”

ಅವನು ಮೊಳೆಯಿಂದ ಫ್ರೇಮ್ ಇಳಿಸಿದ.

“ಇದು ಕಾಗದ, ಬೇಕಾದರೆ ಸುಡಲಿ,” ಅಂದ. “ನೆಗೆಟಿವ್ ಕೊಡುವುದಿಲ್ಲ.”

“ಯಾಕೆ?”

“ಯಾಕೆ ಅಂತ ಅಜ್ಜಿಯ ಹತ್ತಿರವೇ ಹೇಳ್ತೇನೆ. ಹೋಗುವ.”

ಮನೆಗೆ ಬಂದಾಗ ಒಲೆಯಲ್ಲಿ ಬೆಂಕಿ ಆಗಲೇ ಉರಿಯುತ್ತಿತ್ತು. ಅಜ್ಜಿ ಅವನನ್ನು ಮೇಲಿನಿಂದ ಕೆಳಗೆ ಅಳೆದು, ಕೈ ಚಾಚಿದಳು. ಅವನು ಮಳೆಗೆಂದು ಸುತ್ತಿದ್ದ ಪ್ಲಾಸ್ಟಿಕ್ ಬಿಚ್ಚಿ ಫೋಟೋ ಕೊಟ್ಟ. ಬಾಡಿದ ಮಲ್ಲಿಗೆ ಇನ್ನೂ ಅದಕ್ಕೆ ಅಂಟಿಕೊಂಡಿತ್ತು.

ಅಜ್ಜಿ ಒಲೆಯ ಕಡೆಗೆ ಎರಡು ಹೆಜ್ಜೆ ಹಾಕಿ ನಿಂತಳು. ತಿರುಗಿ ಕಿಟಕಿಯ ಹತ್ತಿರ ಬಂದಳು. ಕನ್ನಡಕ ಹಾಕಿಕೊಂಡಳು. ಎಷ್ಟು ಹೊತ್ತು ನೋಡಿದಳೋ, ನನಗಂತೂ ಕುಕ್ಕರ್ ಸೀಟಿ ಹೊಡೆಯುವ ಮೊದಲಿನ ಹಾಗೆ ಆಗುತ್ತಿತ್ತು.

“ಇವಳು ಯಾರನ್ನು ನೋಡ್ತಿದ್ದಾಳೆ?” ಅಂತ ಕೇಳಿದಳು.

ಭವಿತ್ ಹೇಳಿದ, “ನನ್ನನ್ನು. ಅದಕ್ಕೇ ಅಜ್ಜಿ ನೆಗೆಟಿವ್ ಕೊಡ್ಲಿಕ್ಕೆ ಆಗದ್ದು. ನನ್ನನ್ನು ಹೀಗೆ ಯಾರೂ ನೋಡಿಲ್ಲ. ಇವಳ ಬಾಯಿಂದ ಒಂದು ಮಾತು ಬಂದಿಲ್ಲ, ನನಗೆ ಕೇಳ್ಲಿಕ್ಕೆ ಧೈರ್ಯ ಇರಲಿಲ್ಲ. ಇದನ್ನು ನೋಡಿಯೇ ದಿನ ಕಳೀತಾ ಇದ್ದೆ. ನನಗೆ ಇವಳು ಬೇಕು.”

ಅಜ್ಜಿ ಗೋಡೆಯ ಮೇಲಿದ್ದ ಅಜ್ಜನ ಕಡೆ ನೋಡಿದಳು.

“ಅವರು ಮೀನು ನೋಡಿ ನಗುವುದು ಅಂತ ಇವಳು ತಮಾಷೆ ಮಾಡ್ತಾಳೆ. ಆ ಪಕ್ಕದಲ್ಲಿ ನಾನಿದ್ದೆ. ಮದುವೆಯಾದ ಹೊಸತರಲ್ಲಿ ಮೂಡುಬಿದಿರೆಯಲ್ಲಿ ತೆಗೆಸಿದ್ದು. ಕ್ಯಾಮೆರಾ ನೋಡಿ ಅಂತ ಸ್ಟುಡಿಯೋದವ ಎಷ್ಟು ಹೇಳಿದರೂ ಮಹಾರಾಯರು ನನ್ನನ್ನೇ ನೋಡಿದರು. ಹಾರ ಹಾಕುವ ಫೋಟೋದಲ್ಲಿ ಬದುಕಿದವರು ಇರಬಾರದಂತೆ. ಅವರು ಹೋದ ಮೇಲೆ ನನ್ನನ್ನು ಕತ್ತರಿಸಿ ತೆಗೆದರು.” ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. “ಆಮೇಲೆ ಬಣ್ಣದ್ದು ಎಷ್ಟೋ ತೆಗೆಸಿದ್ದೆವು. ಎಲ್ಲ ಕೆಂಪಾಗಿ ಅಳಿಸಿಹೋಯಿತು. ಆ ನೋಟ ಮಾತ್ರ ಹಾಗೇ ಉಂಟು.”

ನನಗೆ ಅಳು ಉಕ್ಕಿ ಬಂತು. ಇಷ್ಟು ವರ್ಷ ಅಜ್ಜ ಯಾರನ್ನು ನೋಡುತ್ತಿದ್ದಾರೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಅಜ್ಜಿ ಫ್ರೇಮಿನಿಂದ ಬಾಡಿದ ಮಲ್ಲಿಗೆ ಕಿತ್ತು ಒಲೆಗೆ ಹಾಕಿದಳು. ಫೋಟೋ ಹಾಕಲಿಲ್ಲ.

“ನಿನ್ನ ಬರಿ ಯಾವುದು?” ಅಂದಳು ಅವನಿಗೆ.

ಬಂಗೇರ ಅಂದರೆ ಮುಗಿಯಿತು. ಅಜ್ಜಿ ಎಷ್ಟೇ ಕರಗಿದರೂ ಅಲ್ಲಿಗೆ ಎಲ್ಲ ಮುಗಿಯಿತು. ನಾನು ಬಾಗಿಲ ದಾರಂದ ಗಟ್ಟಿಯಾಗಿ ಹಿಡಿದುಕೊಂಡೆ.

“ಕೋಟ್ಯಾನ್,” ಅಂದ.

ಅಜ್ಜಿ ತಲೆಯಾಡಿಸಿದಳು. ಆ ಹೆಸರಿನಷ್ಟು ಚಂದದ ಹೆಸರು ನಾನು ಕೇಳಿರಲಿಲ್ಲ.

“ಅಜ್ಜಿ, ಹಾಗಾದರೆ ನಾನು ಇವಳನ್ನು...”

“ಬಾಯಿ ಮುಚ್ಚು!” ಅಜ್ಜಿ ಗದರಿದಳು. “ಆಟಿಯಲ್ಲಿ ಹೆಣ್ಣು ಕೇಳುವುದು ಸತ್ತವರಿಗೆ. ಇವತ್ತು ಒಮ್ಮೆ ಕೇಳಿ ಆಯ್ತು, ಸಾಕು. ಆಟಿ ಕಳೆದು ಸೋಣ ತಿಂಗಳು ಬರಲಿ, ದೊಡ್ಡವರನ್ನು ಕರೆದುಕೊಂಡು ಬಾ. ಇವಳ ಅಪ್ಪನಿಗೆ ನಾನು ಫೋನ್ ಮಾಡ್ತೇನೆ. ಮತ್ತೆ ಆ ನೆಗೆಟಿವ್ ಜಾಗ್ರತೆ. ಕತ್ತರಿ ತಾಗಿಸಿದರೆ ನೋಡು.”

ಗೇಟಿನವರೆಗೆ ಬಿಟ್ಟುಬರಲು ನನಗೆ ಅನುಮತಿ ಸಿಕ್ಕಿತು. ಅವನು ಬೈಕಿನ ಹತ್ತಿರ ನಿಂತು, ಸ್ಟಾರ್ಟ್ ಮಾಡದೆ, ಕೀಲಿ ತಿರುಗಿಸುತ್ತಾ ಇದ್ದ.

“ಆಟಿ ಮುಗಿಯುವವರೆಗೆ ನಾನು ಎಂತ ಮಾಡುವುದು?”

“ನನ್ನ ಹತ್ತಿರ ಕೇಳ್ತೀಯಾ? ನಾನು ಸತ್ತವಳಲ್ವಾ. ಮಲ್ಲಿಗೆ ಹಾಕಿದವನು ನೀನೇ.”

ಅವನು ನಗಲಿಲ್ಲ. ಆ ದಿನ ಡಾರ್ಕ್ ರೂಮಿನಲ್ಲಿ ನೋಡಿದ ಹಾಗೆಯೇ ತಲೆ ಎತ್ತಿ ನೋಡಿದ. “ಸಾತ್ವಿಕಾ,” ಅಂದ. ‘ನೀವು’ ಅವನಿಂದಲೂ ಬಿದ್ದುಹೋಗಿತ್ತು. “ಉಸಿರು ಬಿಡು.”

ಬೆಳಿಗ್ಗೆ ಕಾಂತಿಯಕ್ಕನ ಕೈಯಿಂದ ಲೋಟ ಬಿದ್ದಾಗ ಹಿಡಿದ ಉಸಿರು ಅದು. ಈಗ ಬಿಟ್ಟೆ.